ತೀರ್ಥಹಳ್ಳಿ ಮನೆ ಗುಂಪಿಗೆ ಬಂದ ಒಂದು ಪೋಸ್ಟರ್

ಭಾವ: (ಚಿತ್ರ) ಮೋಹನ್ ಬಾಗಾನ್, 1889. ಈಸ್ಟ್ ಬೆಂಗಾಲ್, 1920. ಬೆಂಗಳೂರು ಎಫ್‌ಸಿ, 2013. ಇತಿಹಾಸ ಅಂಗಡಿಯಲ್ಲಿ ಸಿಗುವುದಿಲ್ಲ.

ಭಾವ: ಕೋಲ್ಕತ್ತಾ ಆಫೀಸಿನ ಗುಂಪಿನಲ್ಲಿ ಬಂತು. ಇಲ್ಲಿನ ಎರಡು ಫುಟ್‌ಬಾಲ್ ಕ್ಲಬ್, ನಿಮ್ಮದೊಂದು, ಹುಟ್ಟಿದ ಇಸವಿ ಸಮೇತ. ಅಪ್ಪು ನೋಡಲಿ ಅಂತ ಹಾಕಿದೆ.

ಅಪ್ಪು: ಭಾವ, ಆಡಿದ ಮೊದಲ ವರ್ಷವೇ ಆಗಿನ ದೇಶದ ದೊಡ್ಡ ಲೀಗ್ ಐ-ಲೀಗ್ ಗೆದ್ದ ಕ್ಲಬ್ ನಮ್ಮ ಬೆಂಗಳೂರು ಎಫ್‌ಸಿ. 2016ರಲ್ಲಿ ಇನ್ನೊಂದು ಸಲ. 2019ರಲ್ಲಿ ಇಂಡಿಯನ್ ಸೂಪರ್ ಲೀಗ್, ಐಎಸ್‌ಎಲ್. 2022ರಲ್ಲಿ ಡ್ಯುರಾಂಡ್ ಕಪ್. ಇದೆಲ್ಲ ಇತಿಹಾಸ ಅಲ್ವಾ?

ಭಾವ: ಕಪ್ ಇಲ್ಲ ಅಂತ ಯಾರು ಹೇಳಿದರು ಮಾರಾಯ? ಇಲ್ಲಿ ಜುಲೈ 29 ಬಂದರೆ ನೋಡಬೇಕು ನೀನು. 1911ರಲ್ಲಿ ಮೋಹನ್ ಬಾಗಾನ್ ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ತಂದ ದಿನ. ಹನ್ನೊಂದು ಜನರಲ್ಲಿ ಬೂಟು ಹಾಕಿದ್ದು ಒಬ್ಬರೇ, ಉಳಿದವರದು ಬರಿಗಾಲು. ಇವತ್ತಿಗೂ ಅದು ಮೋಹನ್ ಬಾಗಾನ್ ದಿನ. ನಮ್ಮ ಆಫೀಸಿನ ಒಬ್ಬರು ಆ ಹನ್ನೊಂದು ಹೆಸರನ್ನೂ ಬಾಯಿಪಾಠ ಹೇಳುತ್ತಾರೆ. ನಿನಗೆ ಹಾಗೆ ಹೇಳಲು ಯಾವ ತಂಡ ಇದೆ?

ಸಣ್ಣತ್ತೆ: ಭಾನುವಾರ ಊಟಕ್ಕೆ ಎಷ್ಟು ಜನ ಅಂತ ಮೊದಲು ಹೇಳಿ.

ನಾನು: ಅತ್ತೆ, ನಾವು ಮೂವರು.

ನಾನು: ಭಾವ, ಪೋಸ್ಟರಿನ ಮೂರು ಇಸವಿಯೂ ಸರಿ. ಕೊನೆಯ ಸಾಲು ಓದಿ ನನಗೆ ಬೇಜಾರಾಯಿತು. 2016ರ ನವೆಂಬರ್ 5ರ ರಾತ್ರಿ ನೀವೂ ಮನೆಯಲ್ಲೇ ಇದ್ದಿರಿ. ಅಡಿಕೆ ಕೊನೆ ಕೊಯ್ಲು ನಡೆಯುತ್ತಿತ್ತು. ಚಪ್ಪರದಡಿ ಎಲ್ಲರೂ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದೆವು. ಅಪ್ಪು ಸಿಪ್ಪೆ ಬುಟ್ಟಿಗೆ ಮೊಬೈಲ್ ಒರಗಿಸಿ ಇಟ್ಟಿದ್ದ. ದೋಹಾದಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್, ಆಡುತ್ತಿದ್ದದ್ದು ಬೆಂಗಳೂರು ಎಫ್‌ಸಿ. ಭಾರತದ ಯಾವ ಕ್ಲಬ್ಬೂ ಅಲ್ಲಿವರೆಗೆ ಹೋಗಿರಲಿಲ್ಲ. ಹಿಂದಿನ ತಿಂಗಳು ಕಂಠೀರವದಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು, ಅಂದರೆ ಹಿಂದಿನ ಸಲದ ಚಾಂಪಿಯನ್ನರನ್ನೇ, 3-1ರಿಂದ ಕಳಿಸಿ ಹೋಗಿದ್ದರು. ನಾಯಕ ಸುನಿಲ್ ಛೆಟ್ರಿದು ಎರಡು ಗೋಲು. ಫೈನಲ್‌ನಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ ಒಂದೇ ಗೋಲಿನಿಂದ ಸೋತೆವು. ನೆಟ್‌ವರ್ಕ್ ಹೋಗಿ ಬರುತ್ತಿತ್ತು. ಚಿತ್ರ ವಾಪಸ್ ಬಂದಾಗ 1-0 ಅಂತ ತೋರಿಸಿತು. ಅಪ್ಪು ಅಡಿಕೆ ಸುಲಿದು ಕಪ್ಪಾದ ಬೆರಳಿನಲ್ಲೇ ಕಣ್ಣೊರೆಸಿಕೊಂಡ. ಮುಖವೆಲ್ಲ ಚೊಗರು. ಅವನ ಪಾಲಿಗೆ ಇತಿಹಾಸ ಅಂದು ಶುರುವಾಯಿತು. ಅದನ್ನು ಅವನು ಯಾವ ಅಂಗಡಿಯಲ್ಲೂ ತರಲಿಲ್ಲ.

ಭಾವ: ಅದು ನೆನಪು, ಒಪ್ಪಿದೆ. ಪರಂಪರೆ ಬೇರೆ.

ನಾನು: ಪರಂಪರೆಗೇ ಬರುತ್ತೇನೆ. ಅಪ್ಪು, ಇದು ನಿನಗೂ ಸೇರಿ. ಕಪ್ ಎಣಿಸಿದರೆ ಭಾವನಿಗೆ ಉತ್ತರ ಆಗುವುದಿಲ್ಲ. 1937 ಗೊತ್ತಾ? ಬಾಂಬೆಯ ರೋವರ್ಸ್ ಕಪ್. ಅಲ್ಲಿಯವರೆಗೆ ಗೆದ್ದವರ ಪಟ್ಟಿ ಪೂರ್ತಿ ಬ್ರಿಟಿಷ್ ಪಡೆಗಳು. ಆ ಪಟ್ಟಿಯಲ್ಲಿ ಮೊದಲು ಸೇರಿದ ನಮ್ಮ ದೇಶದ ತಂಡ ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಸೋತದ್ದು ಕೋಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷವೂ ಕಪ್ ಬೆಂಗಳೂರು ಮುಸ್ಲಿಮ್ಸ್‌ದೇ.

ನಾನು: ಪೋಸ್ಟರಿನಲ್ಲಿ ಈಸ್ಟ್ ಬೆಂಗಾಲ್ ಹೆಸರಿದೆ ಅಲ್ವಾ? ಅವರು ಇವತ್ತಿಗೂ ಪಂಚ ಪಾಂಡವರು ಅಂತ ಕೊಂಡಾಡುವ ಐದು ಜನರಲ್ಲಿ ಅಹ್ಮದ್ ಖಾನ್ ಬೆಂಗಳೂರಿನ ಹುಡುಗ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದವರು ಫ್ರಾನ್ಸ್ ವಿರುದ್ಧ 2-1ರಿಂದ ಸೋತರು, ಆದರೆ ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಬಂದದ್ದು ಅಲ್ಲೇ. ಹೊಡೆದವರು ಸಾರಂಗಪಾಣಿ ರಾಮನ್, ಅವರೂ ಬೆಂಗಳೂರಿನವರು. ಕೋಲ್ಕತ್ತಾ ಹೆಮ್ಮೆ ಪಡುವ ಇತಿಹಾಸದಲ್ಲಿ ನಮ್ಮೂರ ಕಾಲುಗಳೂ ಓಡಿವೆ ಭಾವ.

ದೊಡ್ಡಪ್ಪ: ಕೂಸು ಸರಿಯಾಗಿ ಹೇಳಿತು. ನಾನು ಬೆಂಗಳೂರಿಗೆ ಕೆಲಸಕ್ಕೆ ಸೇರಿದಾಗ ಐಟಿಐ, ಎಚ್‌ಎಎಲ್ ಕಾರ್ಖಾನೆ ಎಲ್ಲದಕ್ಕೂ ತಂಡ ಇತ್ತು. ಚೆನ್ನಾಗಿ ಆಡಿದರೆ ನೌಕರಿ ಸಿಗುತ್ತಿತ್ತು. ಪಕ್ಕದ ಮೆಷಿನ್‌ನಲ್ಲಿ ಬೆಳಿಗ್ಗೆ ದುಡಿದವನೇ ಸಂಜೆ ಮೈದಾನದಲ್ಲಿ ಇರುತ್ತಿದ್ದ. ಶಿಫ್ಟ್ ಮುಗಿಸಿ ಟಿಫಿನ್ ಡಬ್ಬಿ ಕೈಯಲ್ಲಿ ಹಿಡಿದೇ ನೋಡಲು ಹೋಗುತ್ತಿದ್ದೆವು. ಗೋಲಾದರೆ ಡಬ್ಬಿ ಬಡಿಯುವುದು. 1968, 1969 ಎರಡು ವರ್ಷ ಸಾಲಾಗಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ನಮ್ಮ ಮೈಸೂರು ರಾಜ್ಯಕ್ಕೆ ಬಂತು. ನನ್ನ ಡಬ್ಬಿಯ ಮುಚ್ಚಳ ಆಮೇಲೆ ಸರಿಯಾಗಿ ಕೂರಲೇ ಇಲ್ಲ.

ಅಪ್ಪು: ದೊಡ್ಡಪ್ಪಾ, ಇದನ್ನು ಯಾಕೆ ಒಂದು ದಿನವೂ ಹೇಳಲಿಲ್ಲ?

ದೊಡ್ಡಪ್ಪ: ನೀನು ಕೇಳಲಿಲ್ಲ ಮಗಾ.

ಭಾವ: ಎಲ್ಲ ಸರಿ. ಒಂದು ಪ್ರಶ್ನೆ ಉಳಿಯಿತು. 1937 ಬೆಂಗಳೂರು ಮುಸ್ಲಿಮ್ಸ್‌ದು. 1968 ಮೈಸೂರು ರಾಜ್ಯದ್ದು. 2013ರಲ್ಲಿ ಕಂಪನಿಯೊಂದು ಕಟ್ಟಿದ ಕ್ಲಬ್ ಅದನ್ನು ತನ್ನದು ಎನ್ನಬಹುದಾ?

ನಾನು: ಇಲ್ಲ, ಎನ್ನಬಾರದು. ಅದು ನ್ಯಾಯವಾದ ಪ್ರಶ್ನೆ. ಬೇರೆಯವರು ಗೆದ್ದ ಕಪ್ಪನ್ನು ಬೆಂಗಳೂರು ಎಫ್‌ಸಿಯ ನೀಲಿ ಜೆರ್ಸಿಗೆ ಅಂಟಿಸಿದರೆ ನನಗೇ ಸಿಟ್ಟು ಬರುತ್ತದೆ. ಆದರೆ ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಕೂಗುವವರು ಅದೇ ಊರಿನವರು. ಕ್ಲಬ್ಬಿನ ಮಾಲೀಕರಿಗೆ ಹಕ್ಕಿಲ್ಲ ಅಂದರೆ ಒಪ್ಪುತ್ತೇನೆ, ಅಭಿಮಾನಿಗಳಿಗೆ ಇಲ್ಲ ಅಂದರೆ ಒಪ್ಪುವುದಿಲ್ಲ.

ನಾನು: ನಿಮ್ಮ ಬಾಗಾನ್ ಹೆಸರನ್ನೇ ನೋಡಿ. 2020ರಲ್ಲಿ ಹೆಸರಿನ ಮುಂದೆ ಎಟಿಕೆ ಅಂತ ಇನ್ನೊಂದು ಕ್ಲಬ್ಬಿನ ಹೆಸರು ಸೇರಿಸಿದರು. ಅಭಿಮಾನಿಗಳು ಸುಮ್ನೆ ಕೂರಲಿಲ್ಲ, ತೆಗೆಯಿರಿ ಅಂತ ಹಟ ಹಿಡಿದರು. 2023ರ ಮಾರ್ಚ್ 18ರಂದು ಗೋವಾದ ಐಎಸ್‌ಎಲ್ ಫೈನಲ್‌ನಲ್ಲಿ ಬಾಗಾನ್ ಪೆನಾಲ್ಟಿಯಲ್ಲಿ ನಮ್ಮನ್ನೇ ಸೋಲಿಸಿದ ರಾತ್ರಿ ಎಟಿಕೆ ಹೋಗುತ್ತದೆ ಅಂತ ಘೋಷಣೆ ಆಯಿತು. ಕಪ್ ಹೋಗಿದ್ದಕ್ಕೆ ನಾನು ಊಟ ಮಾಡಲಿಲ್ಲ. ಆದರೂ ಬಾಗಾನ್ ಹೆಸರು ಉಳಿದದ್ದಕ್ಕೆ ಖುಷಿಯಾಯಿತು. 1889ನ್ನು ಕಾಪಾಡಿದವರು ಆ ಜನ.

ನಾನು: ನಾವೇನು ಮಾಡಿದೆವು? ಅದೇ ತಿಂಗಳ 4ಕ್ಕೆ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ದೊಡ್ಡಪ್ಪನ ಡಬ್ಬಿ ಮುಚ್ಚಳ ಹೋದ ಮೇಲೆ 54 ವರ್ಷಕ್ಕೆ. ಈ ಗುಂಪಿನಲ್ಲಿ ಹುಡುಕಿ ನೋಡಿದೆ. 18ರ ಸೋಲಿನ ಬಗ್ಗೆ ಅಪ್ಪು ಕಳಿಸಿದ್ದು ಮೂವತ್ತು ಮೆಸೇಜ್. 4ರ ಗೆಲುವಿನ ಬಗ್ಗೆ ಒಂದೂ ಇಲ್ಲ. ನನ್ನದೂ ಇಲ್ಲ.

ಅಪ್ಪು: ...

ಭಾವ: ಪೋಸ್ಟರ್ ಹಾಕಿದವರಿಗೆ ಬೆಂಗಳೂರು ಮುಸ್ಲಿಮ್ಸ್ ಬಗ್ಗೆ ಈಗಷ್ಟೇ ಕಳಿಸಿದೆ. ನೋಡೋಣ.

ಅಪ್ಪು: ನಾನೂ ಒಂದು ಪೋಸ್ಟರ್ ಮಾಡುತ್ತೇನೆ. 1937, 1948, 1969, 2023. ದೊಡ್ಡಪ್ಪಾ, ಭಾನುವಾರ ಆ ಡಬ್ಬಿ ತರುತ್ತೀರಾ? ಫೋಟೋ ಬೇಕು.

ನಾನು: ಬೆಂಗಳೂರು ಎಫ್‌ಸಿ ಲಾಂಛನ ಹಾಕಬೇಡ.

ಅಪ್ಪು: ಹಾಕುವುದಿಲ್ಲ ಅಕ್ಕಾ. ಬಣ್ಣ ಮಾತ್ರ ನೀಲಿ ಇರಲಿ.

ದೊಡ್ಡಪ್ಪ: ಡಬ್ಬಿ ಅಟ್ಟದ ಮೇಲಿದೆ. ನಾಳೆ ಇಳಿಸುತ್ತೇನೆ.