ದೇವಿಮನೆ ಘಟ್ಟದಲ್ಲಿ ಕಾರಿನ ಎಸ್‌ಒಎಸ್ ಬಟನ್ ಒತ್ತಿದರೆ ಯಾರಿಗೆ ಕೇಳುತ್ತದೆ?

ಶಿರಸಿ ಮಾಣಿ
ಅಪ್ಪಯ್ಯನಿಗೆ ಹೊಸ ಕಾರು ನೋಡುತ್ತಿದ್ದೇವೆ. ಕೆಳಗಿನ ಮಾಡೆಲ್‌ಗೂ ಮೇಲಿನ ಮಾಡೆಲ್‌ಗೂ ಒಂದೂಕಾಲು ಲಕ್ಷ ವ್ಯತ್ಯಾಸ. ಮೇಲಿನದರಲ್ಲಿ ಕನ್ನಡಿಯ ಹತ್ತಿರ ತುರ್ತು ಸಹಾಯಕ್ಕೆ ಒತ್ತುವ ಎಸ್‌ಒಎಸ್ ಬಟನ್ ಇದೆ. ಅಪಘಾತವಾಗಿ ಏರ್‌ಬ್ಯಾಗ್ ಬಿಚ್ಚಿಕೊಂಡರೆ ಕಾರೇ ಫೋನ್ ಮಾಡುತ್ತದೆ, ಅಂಬುಲೆನ್ಸ್ ಬರುತ್ತದೆ ಎಂದು ಶೋರೂಮಿನವರು ಹೇಳುತ್ತಾರೆ. ಮೊದಲ ಮೂರು ವರ್ಷ ಉಚಿತ. ಆಮೇಲೆ ವರ್ಷ ವರ್ಷ ದುಡ್ಡು ಕಟ್ಟಬೇಕು.

ನನಗೆ ಅನುಮಾನ ಬರಲು ಕಾರಣ ಇದೆ. ಹೋದ ಮಳೆಗಾಲದಲ್ಲಿ ಭಾವನ ಕಾರು ಶಿರಸಿ-ಕುಮಟೆ ನಡುವಿನ ದೇವಿಮನೆ ಘಟ್ಟದಲ್ಲಿ ಜಾರಿ ರಸ್ತೆ ಬದಿಯ ಮಣ್ಣಿನ ಧರೆಗೆ ಗುದ್ದಿತು. ಅದರಲ್ಲೂ ಇಂಥದ್ದೇ ಬಟನ್ ಇತ್ತು. ಏರ್‌ಬ್ಯಾಗ್ ಬಿಚ್ಚಿತು. ಕರೆ ಹೋಗುತ್ತಿದೆ ಎಂದು ಪರದೆಯ ಮೇಲೆ ಬಂತು. ಹತ್ತು ನಿಮಿಷ ಹಾಗೆಯೇ ಇತ್ತಂತೆ. ಕೊನೆಗೆ ಕುಮಟೆಯಿಂದ ಮೇಲೆ ಬರುತ್ತಿದ್ದ ಮೀನಿನ ಗಾಡಿಯವರು ನಿಲ್ಲಿಸಿ, ಗಾಡಿ ತಿರುಗಿಸಿಕೊಂಡು, ಭಾವನನ್ನೂ ಅಕ್ಕನನ್ನೂ ಕುಮಟೆಗೆ ಮುಟ್ಟಿಸಿದರು. ಅಕ್ಕನ ಕೈ ಮುರಿದಿತ್ತು. ಆ ಪುಣ್ಯಾತ್ಮರು ಹೆಸರನ್ನೂ ಹೇಳದೆ ಹೊರಟುಹೋದರು.

ಅಪ್ಪಯ್ಯ ವಾರಕ್ಕೆ ಎರಡು ಸಲ ಅದೇ ರಸ್ತೆಯಲ್ಲಿ ಓಡಾಡುತ್ತಾರೆ. ಈ ಬಟನ್ ನಂಬಿ ದುಡ್ಡು ಹಾಕಬಹುದಾ? ಗೊತ್ತಿದ್ದವರು ಹೇಳಿ.

ಕಾಳಿ ದಂಡೆ
ಬೇಡ ಮಾರಾಯ್ರೆ. ಆ ದುಡ್ಡಿಗೆ ಒಳ್ಳೆಯ ಟೈರು ಹಾಕಿಸಿ, ಉಳಿದದ್ದು ಇಟ್ಟುಕೊಳ್ಳಿ. ಫೋನ್ ಹೇಗೂ ಕಿಸೆಯಲ್ಲಿ ಇರುತ್ತದೆ. ಐಫೋನ್ 14ರಿಂದ ಈಚಿನವು, ಗೂಗಲ್ ಪಿಕ್ಸೆಲ್, ಇವೆಲ್ಲ ಅಪಘಾತ ಗುರುತಿಸಿ ತಾವೇ ಕರೆ ಮಾಡುತ್ತವೆ. ಇನ್ನೊಂದು ಮಾತು. ನಾವು ಎಲ್ಲಿ ಹೋದೆವು, ಎಷ್ಟು ಜೋರಾಗಿ ಓಡಿಸಿದೆವು ಎಂಬುದೆಲ್ಲ ಕಾರಿನ ಕಂಪನಿಗೆ ಯಾಕೆ ಗೊತ್ತಾಗಬೇಕು?

ಕುಮಟಾ ವೈರಿಂಗ್
ತಮಾ, ಹದಿನೆಂಟು ವರ್ಷದಿಂದ ಗಾಡಿ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಭಾವನ ಕಾರಿನಲ್ಲಿ ಏನಾಯಿತು ಎಂದು ಹೇಳುತ್ತೇನೆ, ಕೇಳು.

ಏರ್‌ಬ್ಯಾಗಿಗೆ ಒಂದು ಪೆಟ್ಟಿಗೆ ಇರುತ್ತದೆ. ಹೊಡೆತ ಎಷ್ಟು ಜೋರು, ಯಾವ ಕಡೆಯಿಂದ ಬಿತ್ತು ಎಂದು ಅದರ ಸೆನ್ಸರ್ ಅಳೆಯುತ್ತದೆ. ಏರ್‌ಬ್ಯಾಗ್ ಬಿಡಿಸಿದ ಕೂಡಲೇ ಅದು ವೈರಿನಲ್ಲಿ ಇನ್ನೊಂದು ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತದೆ. ಅದಕ್ಕೆ ಟೆಲಿಮ್ಯಾಟಿಕ್ಸ್ ಯೂನಿಟ್ ಎನ್ನುತ್ತೇವೆ. ಅದರೊಳಗೆ ತನ್ನದೇ ಸಿಮ್, ತನ್ನದೇ ಜಿಪಿಎಸ್. ಮಾತಾಡಲು ಮೈಕು, ಸ್ಪೀಕರ್ ಜೋಡಿಸಿರುತ್ತಾರೆ. ಮುಂದಿನ ಬ್ಯಾಟರಿ ಜಜ್ಜಿಹೋದರೂ ಸ್ವಲ್ಪ ಹೊತ್ತು ನಡೆಯಲಿ ಎಂದು ಒಂದು ಸಣ್ಣ ಬ್ಯಾಟರಿಯೂ ಇರುತ್ತದೆ.

ಇಲ್ಲಿ ಜನ ಒಂದು ವಿಷಯ ತಪ್ಪು ತಿಳಿಯುತ್ತಾರೆ. ಜಿಪಿಎಸ್‌ಗೆ ಮೊಬೈಲ್ ಟವರ್ ಬೇಡ. ಅದು ಉಪಗ್ರಹ ಹೇಳುವುದನ್ನು ಕೇಳಿಸಿಕೊಳ್ಳುತ್ತದೆ ಅಷ್ಟೇ, ತಿರುಗಿ ಮಾತಾಡುವುದಿಲ್ಲ. ಭಾವನ ಕಾರಿಗೆ ತಾನು ಎಲ್ಲಿದ್ದೇನೆ ಎಂದು ಗೊತ್ತಿತ್ತು. ಅದನ್ನು ಹೊರಗೆ ಹೇಳಲು ಟವರ್ ಸಿಗಲಿಲ್ಲ. ಹಾಗೆ ಆಗಿರುವುದೇ ಹೆಚ್ಚು ಸಂಭವ.

ಕಾಳಿ ದಂಡೆಯವರೇ, ಫೋನು ಸಾಕು ಎಂಬುದನ್ನು ನಾನು ಒಪ್ಪುವುದಿಲ್ಲ. ಗುದ್ದಿದಾಗ ಫೋನು ಎಲ್ಲಿಗೆ ಹಾರುತ್ತದೆ ಗೊತ್ತಾ? ಸೀಟಿನ ಅಡಿಗೆ ಬಿದ್ದ ಫೋನುಗಳನ್ನು ನಾನು ಬೇಕಾದಷ್ಟು ಹುಡುಕಿ ಕೊಟ್ಟಿದ್ದೇನೆ. ಕಾರಿನ ಪೆಟ್ಟಿಗೆ ಬೋಲ್ಟ್ ಹಾಕಿ ಕೂರಿಸಿದ್ದು. ಆಂಟೆನಾ ಚಾವಣಿಯ ಮೇಲೆ ಇದ್ದರೆ ಸಿಗ್ನಲ್ಲೂ ಫೋನಿಗಿಂತ ಚೆನ್ನಾಗಿ ಹಿಡಿಯುತ್ತದೆ.

ತಮಾ, ಶೋರೂಮಿನಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳು. ಕಾರಿನೊಳಗೆ ಸ್ವಂತ ಸಿಮ್ ಇದೆಯಾ, ಅಥವಾ ಬ್ಲೂಟೂತ್‌ನಲ್ಲಿ ನಮ್ಮ ಫೋನನ್ನೇ ಬಳಸುತ್ತದಾ? ಎರಡನೆಯದಾದರೆ ಒಂದೂಕಾಲು ಲಕ್ಷ ಕೊಡಬೇಡ.

ಶರಾವತಿ ಹರಿವು
ಊರು ಹೊನ್ನಾವರ. ಬೆಂಗಳೂರಿನಲ್ಲಿ ಇದೇ ಪೆಟ್ಟಿಗೆಗಳ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ವೈರಿಂಗ್ ಅಣ್ಣ ಹೇಳಿದ್ದು ಸರಿ. ನಾನು ಇದರ ಹಿಂದಿನ ಕಥೆ ಸ್ವಲ್ಪ ಸೇರಿಸುತ್ತೇನೆ.

ಅಮೆರಿಕದಲ್ಲಿ ಜನರಲ್ ಮೋಟಾರ್ಸ್ 1996ರಲ್ಲೇ ಆನ್‌ಸ್ಟಾರ್ ಎಂಬ ಹೆಸರಿನಲ್ಲಿ ಇದನ್ನು ಶುರು ಮಾಡಿತು. ಅದು ದುಡ್ಡು ಕಟ್ಟಿದವರಿಗೆ ಕಂಪನಿ ಕೊಡುವ ಸೇವೆ. ಯುರೋಪಿನವರು ಬೇರೆ ದಾರಿ ಹಿಡಿದರು. 2018ರ ಮಾರ್ಚ್ 31ರಿಂದ ಅಲ್ಲಿ ಹೊಸದಾಗಿ ಒಪ್ಪಿಗೆ ಪಡೆಯುವ ಕಾರು ಮತ್ತು ಸಣ್ಣ ವ್ಯಾನ್ ಮಾಡೆಲ್‌ಗಳಲ್ಲೆಲ್ಲ ಇ-ಕಾಲ್ ಎಂಬ ತುರ್ತು ಕರೆಯ ವ್ಯವಸ್ಥೆ ಕಡ್ಡಾಯ. ಇದಕ್ಕೆ ವರ್ಷದ ದುಡ್ಡು ಇಲ್ಲ. ಏರ್‌ಬ್ಯಾಗ್ ಬಿಚ್ಚಿದರೆ ಕಾರು ನೇರವಾಗಿ 112ಕ್ಕೆ ಕರೆ ಮಾಡುತ್ತದೆ. ಜೊತೆಗೆ ಒಂದು ಸಣ್ಣ ಮಾಹಿತಿಯ ಕಟ್ಟು ಹೋಗುತ್ತದೆ. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ ಹೊರಟ ಗಾಡಿ, ಯಾವ ಇಂಧನ, ತಾನಾಗಿ ಹೋದ ಕರೆಯೋ ಕೈಯಿಂದ ಒತ್ತಿದ್ದೋ, ಇಂಥ ಕೆಲವು ಸಂಗತಿ ಅಷ್ಟೇ. ಒಟ್ಟು 140 ಬೈಟ್ ಮೀರುವುದಿಲ್ಲ. ಅಂದರೆ ಒಂದು ಎಸ್‌ಎಂಎಸ್‌ನಷ್ಟು. ಮಾತೂ ಮಾಹಿತಿಯೂ ಒಂದೇ ಕರೆಯಲ್ಲಿ ಹೋಗುತ್ತವೆ. ಇದರಿಂದ ಹಳ್ಳಿಯ ಕಡೆ ಸಹಾಯ ಮುಟ್ಟುವ ಸಮಯ ಅರ್ಧಕ್ಕೆ ಇಳಿಯಬಹುದು ಎಂದು ಅಲ್ಲಿನವರ ಅಂದಾಜು.

ಕಾಳಿ ದಂಡೆಯವರ ಭಯಕ್ಕೂ ಅಲ್ಲಿ ಉತ್ತರ ಇದೆ. ಇ-ಕಾಲ್ ಮಲಗಿರುತ್ತದೆ. ಅಪಘಾತ ಆಗುವ ತನಕ ಯಾರಿಗೂ ಏನೂ ಕಳಿಸುವುದಿಲ್ಲ. ನಮ್ಮ ದೇಶದಲ್ಲಿ 2019ರಿಂದ ಈಚೆಗೆ ಬಂದ ಹುಂಡೈ ವೆನ್ಯೂ, ಎಂಜಿ ಹೆಕ್ಟರ್ ಥರದ, ಇಂಟರ್ನೆಟ್‌ಗೆ ಜೋಡಿಸಿದ ಕನೆಕ್ಟೆಡ್ ಕಾರುಗಳು ಹಾಗಲ್ಲ. ಅವು ಸದಾ ಎಚ್ಚರವಾಗಿದ್ದು ಮಾಹಿತಿ ಕಳಿಸುತ್ತಿರುತ್ತವೆ. ಕರೆಯೂ ಸಾಮಾನ್ಯವಾಗಿ ಕಂಪನಿಯ ಕಾಲ್ ಸೆಂಟರಿಗೆ ಹೋಗುತ್ತದೆ. ಅಲ್ಲಿಂದ ಅವರು ಮನೆಯವರಿಗೋ ಅಂಬುಲೆನ್ಸಿಗೋ ತಿಳಿಸಬೇಕು. ನಡುವೆ ಒಂದು ಕೊಂಡಿ ಜಾಸ್ತಿ.

ಕಾಳಿ ದಂಡೆ
ನೋಡಿ, ನಾನು ಹೇಳಿದ್ದೂ ಅದೇ ಅಲ್ವಾ? ಜೀವ ಉಳಿಸಲು 140 ಬೈಟ್ ಸಾಕು. ಹಾಗಾದರೆ ಉಳಿದದ್ದೆಲ್ಲ ಯಾಕೆ ತೆಗೆದುಕೊಳ್ಳುತ್ತಾರೆ? ದೂರದ ಊರಿನ ಕಾಲ್ ಸೆಂಟರಿನಲ್ಲಿ ಕೂತವರಿಗೆ ದೇವಿಮನೆ ಘಟ್ಟ ಯಾವುದು, ಅರಬೈಲು ಘಟ್ಟ ಯಾವುದು, ಅಣಶಿ ಘಟ್ಟ ಯಾವುದು ಎಂದು ಹೇಗೆ ಗೊತ್ತಾಗಬೇಕು?

ಘಟ್ಟದ ಸೈರನ್
ನಾನು ಅಂಬುಲೆನ್ಸಿನಲ್ಲಿ ಕೆಲಸ ಮಾಡುವವನು. ಊರಿನ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ ಸರ್. ಜಾಗದ ಜಿಪಿಎಸ್ ಅಂಕಿ ಸರಿಯಾಗಿ ಬಂದರೆ ನಮಗೆ ಸಾಕು. ನಮ್ಮ ಕಷ್ಟ ಬೇರೆಯೇ. ಕರೆ ಮಾಡಿದವರು ಗಾಬರಿಯಲ್ಲಿ "ಘಟ್ಟದಲ್ಲಿ, ಒಂದು ತಿರುವಿನ ಹತ್ತಿರ" ಎನ್ನುತ್ತಾರೆ. ಘಟ್ಟದಲ್ಲಿ ಇರುವುದೆಲ್ಲ ತಿರುವೇ. ಶಿರಸಿಯಿಂದ ಇಳಿಯಬೇಕೋ, ಕುಮಟೆಯಿಂದ ಹತ್ತಬೇಕೋ? ಮರ ಬಿದ್ದೋ ಲಾರಿ ಅಡ್ಡ ನಿಂತೋ ರಸ್ತೆ ಕಟ್ಟಿದ್ದರೆ ಗಾಯಾಳು ಅದರ ಮೇಲಿನ ಕಡೆ ಇದ್ದಾರೋ ಕೆಳಗಿನ ಕಡೆಯೋ? ಒಂದು ಸಲ ನಾವು ಕೆಳಗಿನಿಂದ ಹತ್ತಿ, ಅಡ್ಡ ಬಿದ್ದ ಮರದ ಈಚೆ ನಿಂತೆವು. ಗಾಯಾಳು ಆಚೆ. ಸ್ಟ್ರೆಚರ್ ಹೊತ್ತು ನಡೆದೆವು. ಆ ಹೊತ್ತಿನಲ್ಲಿ ಎಷ್ಟು ರಕ್ತ ಹೋಯಿತು ಎಂಬುದು ಇವತ್ತಿಗೂ ಕಣ್ಣ ಮುಂದೆ ಇದೆ.

ಕಾರಿನ ಪೆಟ್ಟಿಗೆ ಜಾಗ ಮತ್ತು ದಿಕ್ಕು ಹೇಳುತ್ತದೆ ಎಂದರೆ ಅದು ನಮಗೆ ದೊಡ್ಡದು. ದೊಡ್ಡ ಪೆಟ್ಟಾದವರನ್ನು ಇಲ್ಲಿಂದ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಒಯ್ಯಬೇಕು. ಕುಮಟೆಯಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗಿಂತ ಜಾಸ್ತಿ. ಇಷ್ಟು ದೂರದ ದಾರಿ ಮುಂದೆ ಇರುವಾಗ ಹುಡುಕುವುದರಲ್ಲಿ ಅರ್ಧ ಗಂಟೆ ಕಳೆಯುವ ಹಾಗಿಲ್ಲ.

ಮಾಣಿ, ಆ ಮೀನಿನ ಗಾಡಿಯವರು ಹೆಸರು ಹೇಳದೆ ಹೋದರು ಎಂದೆಯಲ್ಲ. ಪೊಲೀಸು, ಕೋರ್ಟು ಎಂಬ ಹೆದರಿಕೆ ಜನರಲ್ಲಿ ಇನ್ನೂ ಇದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿದೆ. ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳು ಎಂದು ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಿನಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿ ತನಕ ನಗದಿಲ್ಲದ ಚಿಕಿತ್ಸೆಯ ಯೋಜನೆಯೂ ಬಂದಿದೆ. ಇದನ್ನು ದಯವಿಟ್ಟು ನಾಲ್ಕು ಜನರಿಗೆ ಹೇಳಿ.

ಯಲ್ಲಾಪುರ ಅಕ್ಕೋರು
ನೀವೆಲ್ಲ ಕಾರಿನ ಬಗ್ಗೆಯೇ ಮಾತಾಡುತ್ತಿದ್ದೀರಿ. 2025ರ ಜನವರಿ 22ರ ಬೆಳಗಿನ ಜಾವ ನಮ್ಮ ತಾಲೂಕಿನಲ್ಲಿ ಹಣ್ಣು ತರಕಾರಿಯ ಲಾರಿ ಕಂದಕಕ್ಕೆ ಉರುಳಿತು. ಸವಣೂರಿನ ಕಡೆಯ ವ್ಯಾಪಾರಿಗಳು ಕುಮಟೆಯ ಸಂತೆಗೆ ಹೊರಟವರು, ಹತ್ತು ಜನ ತೀರಿಹೋದರು. ಆ ಸುದ್ದಿ ಕೇಳಿದ ದಿನ ತರಗತಿಯಲ್ಲಿ ನನಗೆ ಪಾಠ ಮಾಡಲು ಆಗಲಿಲ್ಲ. ಘಟ್ಟದಲ್ಲಿ ಜಾಸ್ತಿ ಓಡಾಡುವುದು ಲಾರಿ, ಬಸ್ಸು, ಟೆಂಪೊ. ಈ ಬಟನ್ ಅವುಗಳಲ್ಲಿ ಯಾಕಿಲ್ಲ?

ಶರಾವತಿ ಹರಿವು
ಅಕ್ಕೋರೇ, ಅರ್ಧ ಇದೆ. ಎಐಎಸ್-140 ಎಂಬ ಮಾನದಂಡ ಇದೆ. ಅದರ ಪ್ರಕಾರ 2019ರ ಜನವರಿಯಿಂದ ಹೊಸದಾಗಿ ನೋಂದಣಿಯಾಗುವ ಬಸ್ಸು, ಟ್ಯಾಕ್ಸಿಗಳಲ್ಲಿ ಜಾಗ ತಿಳಿಸುವ ಸಾಧನ ಮತ್ತು ತುರ್ತು ಬಟನ್ ಇರಬೇಕು. ಗಾಡಿಯ ಬ್ಯಾಟರಿ ಹೋದರೂ 4 ಗಂಟೆ ನಡೆಯುವ ಒಳ ಬ್ಯಾಟರಿ ಇರಬೇಕು. ನೆಟ್‌ವರ್ಕ್ ಇಲ್ಲದಾಗ ಮಾಹಿತಿ ಒಳಗೇ ಉಳಿಸಿಕೊಂಡು, ಸಿಕ್ಕಿದಾಗ ಕಳಿಸಬೇಕು.

ಆದರೆ ಒಂದು ತೊಡಕಿದೆ. ಓಡುವ ಗಾಡಿ ಮುಂದಿನ ಊರಿನಲ್ಲಿ ಟವರ್ ಹಿಡಿಯುತ್ತದೆ, ಉಳಿಸಿಕೊಂಡದ್ದನ್ನು ಕಳಿಸುತ್ತದೆ. ಗುದ್ದಿದ ಗಾಡಿ ಬಿದ್ದಲ್ಲೇ ಇರುತ್ತದೆ. ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಆದರೆ ಟವರು ತಾನಾಗಿ ಅದರ ಹತ್ತಿರ ಬರುವುದಿಲ್ಲವಲ್ಲ. ಭಾವನ ಕಾರಿನ ಹತ್ತು ನಿಮಿಷ ಅದೇ.

ನೆಟ್‌ವರ್ಕ್ ಬದಲಾದರೂ ತೊಂದರೆಯೇ. ಅಮೆರಿಕದಲ್ಲಿ 2022ರಲ್ಲಿ 3ಜಿ ನಿಲ್ಲಿಸಿದಾಗ, ನೆಟ್‌ವರ್ಕ್ ಹಿಡಿಯುವ ಮೋಡೆಮ್ ಬರೀ 3ಜಿಯದ್ದಾಗಿದ್ದ ಎಷ್ಟೋ ಕಾರುಗಳ ತುರ್ತು ಕರೆ ಸತ್ತುಹೋಯಿತು. ಕಾರು ಹದಿನೈದು ವರ್ಷ ಓಡುತ್ತದೆ, ಒಳಗಿನ ಮೋಡೆಮ್ ಅದಕ್ಕೂ ಮೊದಲೇ ಹಳೆಯದಾಗುತ್ತದೆ.

ಬೈತಖೋಲ ಬೋಟು
ಕಾರವಾರದಿಂದ ನಮಸ್ಕಾರ. ನಾನು ಮೀನುಗಾರ. ಟವರ್ ಇಲ್ಲದ ಕಡೆ ಏನು ಮಾಡುವುದು ಎಂಬ ಪ್ರಶ್ನೆ ನಮಗೆ ಹಳೆಯದು. ದಡ ಬಿಟ್ಟು ದೂರ ಹೋದ ಮೇಲೆ ಮೊಬೈಲ್ ಕೆಲಸಕ್ಕೆ ಬರುವುದಿಲ್ಲ.

ಇಸ್ರೋದವರು ಮೀನುಗಾರರಿಗಾಗಿ ಡ್ಯಾಟ್ ಎಂಬ ಸಾಧನ ಮಾಡಿದ್ದಾರೆ. 2010ರಿಂದ ಬಳಕೆಯಲ್ಲಿದೆ, ದೇಶದಲ್ಲಿ 20,000ಕ್ಕೂ ಜಾಸ್ತಿ ಇವೆ. ಬಟನ್ ಒತ್ತಿದರೆ ಸಂದೇಶ ನೇರ ಉಪಗ್ರಹಕ್ಕೆ ಹೋಗುತ್ತದೆ. ಅಲ್ಲಿಂದ ನಿಯಂತ್ರಣ ಕೇಂದ್ರಕ್ಕೆ, ಆಮೇಲೆ ಕೋಸ್ಟ್ ಗಾರ್ಡ್‌ಗೆ. ಯಾವ ಬೋಟು, ಎಲ್ಲಿದೆ ಎಂದು ಗೊತ್ತಾಗುತ್ತದೆ. ಹಳೆಯ ಸಾಧನದಲ್ಲಿ ಒಂದೇ ಕೊರತೆ. ನಾವು ಒತ್ತಿದ್ದು ಮುಟ್ಟಿತೋ ಇಲ್ಲವೋ ನಮಗೆ ತಿಳಿಯುತ್ತಿರಲಿಲ್ಲ. ಅಲೆ ಏಳುವಾಗ, ಬೋಟಿನೊಳಗೆ ನೀರು ಬರುವಾಗ, ಯಾರಾದರೂ ಕೇಳಿಸಿಕೊಂಡರಾ ಎಂದು ತಿಳಿಯದೆ ಇರುವುದು ಎಂಥ ಹಿಂಸೆ ಎಂದು ಅನುಭವಿಸಿದವರಿಗೇ ಗೊತ್ತು. ಮಾಣಿಯ ಭಾವ ಹತ್ತು ನಿಮಿಷ ಆ ಪರದೆ ನೋಡಿದ್ದು ಓದಿ ನನಗೆ ಅದೇ ನೆನಪಾಯಿತು. ಇಸ್ರೋದ ಎರಡನೇ ಪೀಳಿಗೆಯ ಡ್ಯಾಟ್‌ನಲ್ಲಿ ಮರು ಉತ್ತರ ಬರುತ್ತದೆ. ಸುದ್ದಿ ಮುಟ್ಟಿದೆ, ಸಹಾಯ ಬರುತ್ತಿದೆ ಎಂದು. ಅಷ್ಟು ತಿಳಿದರೆ ಮನುಷ್ಯ ಧೈರ್ಯದಿಂದ ಕಾಯುತ್ತಾನೆ.

ಘಟ್ಟದ ಬಸ್ಸಿಗೆ ಇಂಥದ್ದು ಬೇಡವಾ?

ಶರಾವತಿ ಹರಿವು
ಬೇಕು ಅಣ್ಣ. ಕಷ್ಟ ಎಂದರೆ ಉಪಗ್ರಹಕ್ಕೆ ಬಿಚ್ಚಿದ ಆಕಾಶ ಬೇಕು. ನಿಮ್ಮ ಸಮುದ್ರದಲ್ಲಿ ಅದು ಧಾರಾಳವಾಗಿದೆ. ಘಟ್ಟದಲ್ಲಿ ಒಂದು ಬದಿ ಧರೆ, ಮೇಲೆ ದಟ್ಟ ಮರ. ಗಾಡಿ ಮಗುಚಿದರೆ ಆಂಟೆನಾ ನೆಲಕ್ಕೆ. ಮಣ್ಣು, ನೀರಿನ ಅಡಿಗೆ ಹೋದರೆ ಮುಗಿಯಿತು. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನ ಗುಡ್ಡ ಕುಸಿದಾಗ ಕೇರಳದ ಚಾಲಕರ ಲಾರಿ ಗಂಗಾವಳಿ ನದಿಯ ತಳ ಸೇರಿತು. ಅದರ ಜಿಪಿಎಸ್ ಕೊನೆಯದಾಗಿ ತೋರಿಸಿದ್ದು ಅದೇ ಜಾಗ ಎಂದು ಆಗ ಸುದ್ದಿಯಲ್ಲಿ ಬಂದಿತ್ತು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ.

ಬೈತಖೋಲ ಬೋಟು
ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ನಮ್ಮ ಕಾಳಿ ಸೇತುವೆ ಕುಸಿದು ಲಾರಿ ನದಿಗೆ ಬಿತ್ತು. ಚಾಲಕನನ್ನು ಮೇಲೆ ತಂದದ್ದು ನಮ್ಮ ಮೀನುಗಾರರು ಮತ್ತು ಪೊಲೀಸರು. ಹತ್ತಿರ ಇದ್ದವರಿಗೆ ಬೇಗ ಗೊತ್ತಾಗಬೇಕು, ಅದೇ ಮುಖ್ಯ.

ಕಾಳಿ ದಂಡೆ
ಆ ರಾತ್ರಿ ನಾನೂ ಸೇತುವೆಯ ಹತ್ತಿರ ಓಡಿಹೋಗಿದ್ದೆ. ಬೋಟು ಅಣ್ಣ ಹೇಳುವುದು ನಿಜ. ಮಾಹಿತಿಯ ವಿಷಯದಲ್ಲಿ ನನ್ನ ಮಾತು ಬದಲಿಲ್ಲ. ಆದರೆ ಫೋನು ಸಾಕು ಎಂದದ್ದನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಯುರೋಪಿನ ಹಾಗೆ ಮಲಗಿದ್ದು ಎದ್ದೇಳುವ, ನೇರ 112ಕ್ಕೆ ಹೋಗುವ ಪೆಟ್ಟಿಗೆ ಎಲ್ಲ ಗಾಡಿಗಳಿಗೂ ಬರಲಿ. ಕೆಳಗಿನ ಮಾಡೆಲ್‌ಗೂ ಬರಲಿ. ಏರ್‌ಬ್ಯಾಗನ್ನು ದುಡ್ಡಿದ್ದವರಿಗೆ ಮಾತ್ರ ಎಂದು ಬಿಡಲಿಲ್ಲವಲ್ಲ.

ಘಟ್ಟದ ಸೈರನ್
ಇನ್ನೊಂದು ಮರೆತಿದ್ದೆ. ನಿಮ್ಮ ಕಂಪನಿಯ ನೆಟ್‌ವರ್ಕ್ ಇಲ್ಲದಿದ್ದರೂ 112 ಒತ್ತಿ ನೋಡಿ. ತುರ್ತು ಕರೆಗೆ ಫೋನು ಬೇರೆ ಕಂಪನಿಯ ಟವರನ್ನೂ ಹುಡುಕುತ್ತದೆ. ಕರೆ ಸಿಗದಿದ್ದರೆ ಮನೆಯವರಿಗೆ ಎಸ್‌ಎಂಎಸ್ ಹಾಕಿ, ಎಷ್ಟೋ ಸಲ ಅದು ಹೋಗುತ್ತದೆ. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಅಂಕಿ ಓದಿ ಹೇಳಿ. ನಮಗೆ ಅದಕ್ಕಿಂತ ಒಳ್ಳೆಯ ವಿಳಾಸ ಇಲ್ಲ.

ಶಿರಸಿ ಮಾಣಿ
ಎಲ್ಲರಿಗೂ ಧನ್ಯವಾದ. ಇವತ್ತು ಶೋರೂಮಿಗೆ ಹೋಗಿ ವೈರಿಂಗ್ ಅಣ್ಣನ ಪ್ರಶ್ನೆ ಕೇಳಿದೆ. ಸ್ವಂತ ಸಿಮ್ ಇದೆ, 4ಜಿ ಎಂದರು. ಯಾವ ಕಂಪನಿಯದು ಎಂದು ಕೇಳಿ ಬರೆದುಕೊಂಡು ಬಂದೆ. ಆ ಕಂಪನಿಗೆ ಘಟ್ಟದಲ್ಲಿ ಎಲ್ಲೆಲ್ಲಿ ಸಿಗ್ನಲ್ ಇದೆ ಎಂದು ಮೊದಲು ನೋಡುತ್ತೇನೆ, ಆಮೇಲೆ ದುಡ್ಡಿನ ಮಾತು. ಕತಗಾಲದಿಂದ ರಾಗಿಹೊಸಳ್ಳಿ ತನಕ ಒಂದೊಂದು ಕಿಲೋಮೀಟರ್ ಕಲ್ಲಿನ ಹತ್ತಿರ ನಿಲ್ಲುವುದು, ಯಾವ ಸಿಮ್ ಹಿಡಿಯುತ್ತದೆ ಎಂದು ಬರೆಯುವುದು. ಸಿಗ್ನಲ್ ಇಲ್ಲದ ಕಲ್ಲುಗಳ ಪಟ್ಟಿ ಮಾಡಿ ಜಿಲ್ಲಾಧಿಕಾರಿ ಕಚೇರಿಗೂ ಮೊಬೈಲ್ ಕಂಪನಿಗಳಿಗೂ ಕೊಡೋಣ. ಯಾರಾದರೂ ಜೊತೆಗೆ ಬರುತ್ತೀರಾ?

ಕುಮಟಾ ವೈರಿಂಗ್
ಭಾನುವಾರ ಬೆಳಿಗ್ಗೆ ಏಳಕ್ಕೆ ಕತಗಾಲದಲ್ಲಿ ಇರುತ್ತೇನೆ ತಮಾ. ನನ್ನ ಹತ್ತಿರ ಎರಡು ಕಂಪನಿಯ ಸಿಮ್ ಇದೆ. ಬಿಎಸ್‌ಎನ್‌ಎಲ್ ಇದ್ದವರು ಒಬ್ಬರು ಬೇಕು.

ಯಲ್ಲಾಪುರ ಅಕ್ಕೋರು
ನನ್ನದು ಬಿಎಸ್‌ಎನ್‌ಎಲ್. ಶನಿವಾರ ರಾತ್ರಿಯೇ ಕುಮಟೆಯ ತಂಗಿ ಮನೆಗೆ ಬಂದು ಉಳಿಯುತ್ತೇನೆ. ಬರೆಯಲು ಪುಸ್ತಕ ನಾನು ತರುತ್ತೇನೆ. ಆಮೇಲೆ ಅರಬೈಲಿಗೂ ಹೋಗೋಣ.