ಹಳೇ ಪದ್ಮಿನಿಗೆ ಯಾವ ಆಯಿಲ್?

ಮನೆಗಾಡಿ: ನಮ್ಮದು 1978ರ ಪ್ರೀಮಿಯರ್ ಪದ್ಮಿನಿ, 1089 ಸಿಸಿ ಪೆಟ್ರೋಲ್. ಈಗಷ್ಟೇ ಎಂಜಿನ್ ಇಳಿಸಿ ಬೋರ್ ಮಾಡಿಸಿದ್ದೇವೆ. ಮೆಕ್ಯಾನಿಕ್ ದಪ್ಪನೆಯ 20ಡಬ್ಲ್ಯು-50 ಮಿನರಲ್ (ಕಚ್ಚಾ ತೈಲ ಶುದ್ಧ ಮಾಡಿ ತೆಗೆದದ್ದು) ಅನ್ನುತ್ತಾರೆ. ತಮ್ಮ ತನ್ನ ಹೊಸ ಕಾರಿನ ತೆಳುವಾದ 5ಡಬ್ಲ್ಯು-30 ಸಿಂಥೆಟಿಕ್ಕೇ (ರಾಸಾಯನಿಕವಾಗಿ ತಯಾರಿಸಿದ್ದು) ಹಾಕು ಅನ್ನುತ್ತಾನೆ. ಯಾವುದು ಸರಿ?

ಹಳೇಸ್ಪ್ಯಾನರ್: 20ಡಬ್ಲ್ಯು-50, ಬೇರೆ ಮಾತೇ ಇಲ್ಲ. ಆ ಕಾಲದ ಎಂಜಿನ್‌ನಲ್ಲಿ ಬೇರಿಂಗ್ ಸಂದು ಜಾಸ್ತಿ, ತೆಳು ಆಯಿಲ್ ಬಿಸಿಯಾದರೆ ಪ್ರೆಶರ್ ನಿಲ್ಲುವುದಿಲ್ಲ. ಸಿಂಥೆಟಿಕ್ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಸೀಲನ್ನೇ ತಿಂದುಹಾಕುತ್ತದೆ.

ಕ್ಯಾಮ್‌ರಾಜ: ಸೀಲ್ ತಿನ್ನುತ್ತದಾ? ಸುಮ್ನೆ ಹೆದರಿಸಬೇಡಿ. ಗಟ್ಟಿಯಾದ ಹಳೇ ಸೀಲ್ ಯಾವ ಆಯಿಲ್‌ಗೂ ಸೋರುತ್ತದೆ. ನೋಡಬೇಕಾದದ್ದು ಆಯಿಲ್‌ನಲ್ಲಿರುವ, ಸವೆತ ತಡೆಯುವ ಜಿಂಕ್. ಈ ಎಂಜಿನ್‌ನಲ್ಲಿ ವಾಲ್ವ್ ತೆರೆಸುವ ಟ್ಯಾಪೆಟ್, ಅದನ್ನು ತಳ್ಳುವ ಕ್ಯಾಮ್ ಮೇಲೆ ನೇರವಾಗಿ ಉಜ್ಜಿಕೊಂಡು ಓಡುತ್ತದೆ, ರೋಲರ್ ಇಲ್ಲ. ಈಗಿನ ಪೆಟ್ರೋಲ್ ಆಯಿಲ್‌ಗಳಲ್ಲಿ ಜಿಂಕ್ ಕಡಿಮೆ. ಲಾರಿಯ 15ಡಬ್ಲ್ಯು-40 ಸಿಐ-4 (ಡೀಸೆಲ್ ಎಂಜಿನ್ ದರ್ಜೆ) ಹಾಕಿ.

ಹಳೇಸ್ಪ್ಯಾನರ್: ಪೆಟ್ರೋಲ್ ಕಾರಿಗೆ ಲಾರಿ ಆಯಿಲ್!! ಅದರಲ್ಲಿ ಡಿಟರ್ಜೆಂಟ್ ಜಾಸ್ತಿ ಸ್ವಾಮಿ. ಒಳಗಿನ ಮಸಿಯೆಲ್ಲ ಎದ್ದು ಆಯಿಲ್ ದಾರಿ ಕಟ್ಟಿಕೊಳ್ಳುತ್ತದೆ.

ಕ್ಯಾಮ್‌ರಾಜ: ಬಿಚ್ಚಿ ತೊಳೆದು ಕಟ್ಟಿದ ಎಂಜಿನ್‌ನಲ್ಲಿ ಮಸಿ ಎಲ್ಲಿಂದ ಬರುತ್ತದೆ? ಡಬ್ಬಿಯ ಹಿಂಬದಿ ಓದಿ. ಸಿಐ-4 ಪಕ್ಕದಲ್ಲಿ ಎಸ್‌ಎಲ್ (ಪೆಟ್ರೋಲ್ ಎಂಜಿನ್ ದರ್ಜೆ) ಅಂತಲೂ ಇದ್ದರೆ ಪೆಟ್ರೋಲ್‌ಗೂ ಆಗುತ್ತದೆ.

ಹಳೇಸ್ಪ್ಯಾನರ್: ಡಬ್ಬಿ ಓದಿ ಯಾರೂ ಮೆಕ್ಯಾನಿಕ್ ಆಗಿಲ್ಲ.

ನಿಧಾನಿ: ಇಬ್ಬರೂ ಸ್ವಲ್ಪ ನಿಲ್ಲಿ. ಈಗಿನ ಪೆಟ್ರೋಲ್ ಆಯಿಲ್‌ನ ಎಸ್‌ಎನ್, ಎಸ್‌ಪಿ ದರ್ಜೆಗಳಲ್ಲಿ ರಂಜಕಕ್ಕೆ ಶೇ 0.08ರ ಮಿತಿ ಇರುವುದು 5ಡಬ್ಲ್ಯು-30ರಂಥ ತೆಳು ಆಯಿಲ್‌ಗಳಿಗೆ. ಜಿಂಕ್ ಮತ್ತು ರಂಜಕ ಬರುವುದು ಒಂದೇ ಸಂಯುಕ್ತದಿಂದ, ಅದಕ್ಕೇ ಜಿಂಕೂ ಇಳಿಯಿತು. ಮಿತಿ ತಂದದ್ದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲು, 78ರ ಪದ್ಮಿನಿಗೆ ಅದೇ ಇಲ್ಲ. 20ಡಬ್ಲ್ಯು-50ಗೆ ಆ ಮಿತಿ ಅನ್ವಯಿಸುವುದಿಲ್ಲ.

ಕ್ಯಾಮ್‌ರಾಜ: "ಮಿತಿ ಅನ್ವಯಿಸುವುದಿಲ್ಲ" ಅಂದ ಮಾತ್ರಕ್ಕೆ ಜಿಂಕ್ ಇದೆ ಅಂತ ಅಲ್ಲ! ಕಂಪನಿಯ ಡೇಟಾ ಶೀಟ್ ತೋರಿಸಿ.

ಹಳೇಸ್ಪ್ಯಾನರ್: ನೋಡಿದಿರಾ, ಅವರೂ 20ಡಬ್ಲ್ಯು-50ನೇ ಅಂದರು.

ನಿಧಾನಿ: ನಾನು ಮಿತಿಯ ಬಗ್ಗೆ ಹೇಳಿದೆ ಅಷ್ಟೇ.

ಮನೆಗಾಡಿ: ಸರ್, ಹೊಸ ಪಿಸ್ಟನ್ ರಿಂಗ್ ಸರಿಯಾಗಿ ಕೂರುವವರೆಗಾದರೂ ಮಿನರಲ್ ಸಾಕಾ?

ನಿಧಾನಿ: ಹೌದು, ಮೊದಲಿಗೆ ಮಿನರಲ್. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ. ತಮ್ಮನ 5ಡಬ್ಲ್ಯು-30 ಮಾತ್ರ ಬೇಡ.

ಕ್ಯಾಮ್‌ರಾಜ: ಸಿಐ-4 ಕೂಡ ಮಿನರಲ್‌ನಲ್ಲೇ ಸಿಗುತ್ತದೆ, ಅದನ್ನು ಯಾಕೆ ಯಾರೂ ಹೇಳಲ್ಲ?

ಹಳೇಸ್ಪ್ಯಾನರ್: ಲಾರಿ ಆಯಿಲ್‌ನಲ್ಲಿ ಓಡಿಸಿದ ಪದ್ಮಿನಿಯ ಕ್ಯಾಮ್ ಬಿಚ್ಚಿ ಫೋಟೋ ಹಾಕಿ, ಆಮೇಲೆ ಮಾತಾಡೋಣ.