ಜಂಟಿ ಗೋಡೆಗೆ ತೇವ: ರಿಪೇರಿ ಖರ್ಚು ಅರ್ಧ-ಅರ್ಧ ಹಾಕಿಕೊಳ್ಳಬಹುದೇ?

ಮೂಲೆಮನೆ:
ಎರಡು ಮನೆಗಳ ನಡುವೆ ಒಂದೇ ಗೋಡೆ, 9 ಇಂಚಿನ ಇಟ್ಟಿಗೆಯದು. ನಮ್ಮ ಕಡೆ ಮಲಗುವ ಕೋಣೆ, ಅವರ ಕಡೆ ಬಚ್ಚಲು. ನೆಲದಿಂದ 3 ಅಡಿವರೆಗೆ ತೇವ ಹಿಡಿದು ಬಣ್ಣ ಗುಳ್ಳೆ ಎದ್ದಿದೆ, ಬಿಳಿ ಉಪ್ಪು ಬರ್ತಿದೆ. ಪೂರ್ತಿ ಕೆತ್ತಿ ಪ್ಲಾಸ್ಟರ್ ಮಾಡಿ ವಾಟರ್‌ಪ್ರೂಫ್ ಪೇಂಟ್ ಹೊಡೆಯೋಣ ಅಂತಾರೆ ಮೇಸ್ತ್ರಿ. ಪಕ್ಕದವರು ಅರ್ಧ ಕೊಡ್ತೀವಿ ಅಂದಿದ್ದಾರೆ. ಒಪ್ಪಿಕೊಳ್ಳಲೇ?

ರಸಮಟ್ಟ:
ಈಗಲೇ ಬೇಡ ಸರ್. ನೀರು ಎಲ್ಲಿಂದ ಬರ್ತಿದೆ ಅನ್ನೋದೇ ಆ ಅಂದಾಜಿನಲ್ಲಿಲ್ಲ. ಮೂಲ ನಿಲ್ಲಿಸದೆ ನಿಮ್ಮ ಕಡೆ ಪೇಂಟ್ ಬಳಿದರೆ ಒಳಗೆ ಸಿಕ್ಕಿಕೊಂಡ ನೀರು ಇನ್ನೂ ಮೇಲಕ್ಕೇರುತ್ತೆ, ಇಲ್ಲವೇ ಅವರ ಕಡೆ ಹೊರಬರುತ್ತೆ. ಆಗ ದೂರು ಕೊಡೋರು ಅವರು.

ಮೊದಲು ತೇವದ ಆಕಾರ ನೋಡಿ. ಬಚ್ಚಲಿಲ್ಲದ ಭಾಗವೂ ಸೇರಿ ಗೋಡೆಯ ಉದ್ದಕ್ಕೂ ಒಂದೇ ಎತ್ತರಕ್ಕಿದ್ದರೆ ಬಹುತೇಕ ಅಡಿಪಾಯದಿಂದ ಏರಿದ ತೇವ. ಬಚ್ಚಲಿನ ಅಗಲಕ್ಕಷ್ಟೇ ಇದ್ದರೆ ಅನುಮಾನ ಅಲ್ಲಿಗೇ. ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಹಾಕಿ, ಅವರ ಎದುರಿಗೇ.

ನಲ್ಲಿ ಪೈಪ್ ಪರೀಕ್ಷೆಗೆ ರಾತ್ರಿ ಅವರ ಮನೆಯ ಎಲ್ಲ ನಲ್ಲಿ ಮುಚ್ಚಿ ಮೀಟರ್ ಫೋಟೋ ತೆಗೆಯಿರಿ. ಟ್ಯಾಂಕಿನಿಂದ ಬರುವ ಲೈನಾದರೆ ಟ್ಯಾಂಕಿನ ಮಟ್ಟ ಗುರುತು ಮಾಡಿ. ಬೆಳಿಗ್ಗೆ ಬದಲಾಗಿದ್ದರೆ ಎಲ್ಲೋ ಸೋರಿಕೆ ಇದೆ. ಬಚ್ಚಲಿನ ನೆಲದ ಪರೀಕ್ಷೆಗೆ ನೀರು ಹೋಗುವ ಜಾಲರಿ ತೂತಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ಗಿಡಿದು ಒಂದಿಂಚು ನೀರು ನಿಲ್ಲಿಸಿ, 24 ಗಂಟೆ ಬಿಡಿ. ಪಕ್ಕದಲ್ಲಿ ಒಂದು ಬಟ್ಟಲು ನೀರೂ ಇರಲಿ, ಆವಿಯಾಗಿದ್ದೆಷ್ಟು ಅಂತ ಅದರಿಂದ ಗೊತ್ತಾಗುತ್ತೆ. ನೆಲದ ನೀರು ಅದಕ್ಕಿಂತ ಹೆಚ್ಚು ಇಳಿದಿದ್ದರೆ ನೆಲ, ಇಲ್ಲವೇ ಜಾಲರಿಯ ಸುತ್ತಲಿನ ಸಂದು ಸೋರುತ್ತಿದೆ. ಎರಡೂ ಪರೀಕ್ಷೆಯಲ್ಲಿ ಸೋರಿಕೆ ಕಾಣದಿದ್ದರೆ ಹೊರಹೋಗುವ ಪೈಪ್, ಗೋಡೆಯ ಟೈಲ್ಸ್ ಸಂದು ನೋಡಿ. ಎರಡು ಪರೀಕ್ಷೆ ಒಟ್ಟಿಗೆ ಮಾಡಿದರೆ ಏನೂ ತಿಳಿಯಲ್ಲ.

ಅಂದಾಜುಪಟ್ಟಿ:
ಒಟ್ಟು ಮೊತ್ತಕ್ಕೆ ಅರ್ಧ ಹಾಕುವ ಪದ್ಧತಿಯೇ ತಕರಾರಿನ ಮೂಲ. ಬಾಬ್ತು ಬಾಬ್ತಿಗೆ ಹಂಚಿ. ಗೋಡೆಯ ಒಡಲು, ಅಡಿಪಾಯ, ಮೇಲಿನ ಪ್ಯಾರಾಪೆಟ್ ತಲೆ ಇಬ್ಬರಿಗೂ ಸೇರಿದ್ದು, ಹಾಗಾಗಿ ಏರುವ ತೇವವಾದರೆ ಅರ್ಧ-ಅರ್ಧ ನ್ಯಾಯ. ಸೋರಿಕೆ ಅವರ ಪೈಪಿನದ್ದಾದರೆ ಪೈಪ್ ಕೆಲಸ ಪೂರ್ತಿ ಅವರದು, ಅದರಿಂದ ನಿಮ್ಮ ಕಡೆ ಹಾಳಾದ ಪ್ಲಾಸ್ಟರ್, ಬಣ್ಣವೂ ಅವರದೇ. ತೇಪೆ ಎದ್ದು ಕಾಣುತ್ತೆ, ಆದ್ದರಿಂದ ಬಣ್ಣ ಮೂಲೆಯಿಂದ ಮೂಲೆವರೆಗೆ ಲೆಕ್ಕಕ್ಕೆ ಬರಲಿ. ಆದರೆ ಇದೇ ನೆಪದಲ್ಲಿ ದುಬಾರಿ ಬಣ್ಣಕ್ಕೆ ಹೋದರೆ ಹೆಚ್ಚಿನದ್ದು ನೀವೇ ಹಾಕಬೇಕು.

ಪ್ಲಾಸ್ಟರ್ ಪೂರ್ತಿ ಕೀಳುವ ಅಗತ್ಯವಿಲ್ಲ. ತೇವದ ಗೆರೆಯಿಂದ ಒಂದಡಿ ಮೇಲೆವರೆಗೆ ಸಾಕು. 12 ಮಿ.ಮೀ. ದಪ್ಪ, 1:4 ಮಿಶ್ರಣಕ್ಕೆ 100 ಚದರಡಿಗೆ ಒಂದು ಮೂಟೆ ಸಿಮೆಂಟ್, 5 ಘನಅಡಿ ಮರಳು ಹಿಡಿಯುತ್ತೆ. ಮೇಸ್ತ್ರಿಯ ಲೆಕ್ಕ ಇದಕ್ಕೆ ಹೋಲಿಸಿ. ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಿ ತೆಗೆಸಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಇಟ್ಟಿಗೆಯೊಳಗೆ ಹೋಗುತ್ತೆ.

ಮೂಲೆಮನೆ:
ಪೈಪೇ ಅಂತಾದರೆ ಹೊಸದನ್ನು ಮತ್ತೆ ಅದೇ ಗೋಡೆಯಲ್ಲಿ ಕೊರೆದು ಹಾಕಬಹುದಾ? ಒಪ್ಪಂದ ಬರವಣಿಗೆಯಲ್ಲಿ ಬೇಕೇ?

ರಸಮಟ್ಟ:
ಗೋಡೆಯ ಮೇಲೇ ಕ್ಲಾಂಪ್ ಹಾಕಿ ಹೊರಗೆ ಕಾಣುವಂತೆ ಒಯ್ಯೋದು ಉತ್ತಮ, ನಾಳೆ ಸೋರಿದರೂ ಕಣ್ಣಿಗೆ ಬೀಳುತ್ತೆ. ಕೊರೆಯಲೇಬೇಕಾದರೆ ಅಡ್ಡ ಕೊರೆತದ ಆಳ ಗೋಡೆಯ ದಪ್ಪದ ಆರನೇ ಒಂದು ಭಾಗ ಮೀರಬಾರದು, ಮೇಲಿಂದ ಕೆಳಗೆ ನೇರ ಕೊರೆತದ್ದು ಮೂರನೇ ಒಂದು ಭಾಗ. ನಿಮ್ಮದಕ್ಕೆ ಅಂದರೆ ಒಂದೂವರೆ ಇಂಚು, ಮೂರು ಇಂಚು. ಅದೇ ಜಾಗದಲ್ಲಿ ನಿಮ್ಮ ಕಡೆ ವಿದ್ಯುತ್ ಪೈಪಿಗೆ ಕೊರೆದಿದ್ದರೆ ಅಲ್ಲಿ ಬೇಡವೇ ಬೇಡ.

ಅಂದಾಜುಪಟ್ಟಿ:
ಬರವಣಿಗೆ ಬೇಕು, ಒಂದು ಹಾಳೆ ಸಾಕು. ಅದಕ್ಕೂ ಮುಂಚೆ ಇಬ್ಬರ ಮನೆಪತ್ರ ತೆಗೆದು ಗಡಿರೇಖೆ ಗೋಡೆಯ ನಡುಮಧ್ಯ ಹೋಗುತ್ತೋ, ಗೋಡೆ ಒಬ್ಬರ ಜಾಗದಲ್ಲೇ ಪೂರ್ತಿ ಇದೆಯೋ ನೋಡಿ. ಹಾಳೆಯಲ್ಲಿ ಗೋಡೆಯ ಕೈನಕ್ಷೆ, ಪರೀಕ್ಷೆಯ ಫಲಿತಾಂಶ, ಬಾಬ್ತುವಾರು ಪಾಲು, ಸಹಿ. ಒಡೆದ ಮೇಲೆ ಹೊಸದೇನಾದರೂ ಕಂಡರೆ ಇಬ್ಬರೂ ನೋಡುವ ತನಕ ಕೆಲಸ ನಿಲ್ಲಬೇಕು ಅಂತಲೂ ಬರೆಯಿರಿ, ಖರ್ಚು ಉಬ್ಬೋದು ಅಲ್ಲೇ. ಮೇಸ್ತ್ರಿಗೆ ಇಬ್ಬರೂ ತಮ್ಮ ಪಾಲು ನೇರವಾಗಿ ಕೊಡಿ.

ಇನ್ನು ಬಣ್ಣಕ್ಕೆ ಆತುರ ಬೇಡ. ನೆನೆದ ಇಟ್ಟಿಗೆ ಗೋಡೆ ಒಣಗಲು ಇಂಚಿಗೆ ಸುಮಾರು ಒಂದು ತಿಂಗಳು ಅನ್ನೋದು ರೂಢಿಯ ಲೆಕ್ಕ. ಬಣ್ಣದ ಪಾಲನ್ನು ಅಲ್ಲಿತನಕ ಬಾಕಿ ಅಂತ ಅದೇ ಹಾಳೆಯಲ್ಲಿ ನಮೂದಿಸಿ.